ಜಂತಿಗೆ ಸುಳಿ ನೋಡಿದ್ದು

ನಾನು ಓದಿದ್ದು ಮೂರನೇ ಇಯತ್ತೆ. ಆದರೆ ಎತ್ತಿನ ಸುಳಿ ನೋಡುವುದರಲ್ಲಿ ಹತ್ತಿಮತ್ತೂರಿನಲ್ಲಿ ನನ್ನನ್ನು ಮೀರಿಸಿದವರಿಲ್ಲ. ಮೈಮೇಲಿನ ಕೂದಲು ಎಲ್ಲಿ ಸುತ್ತಿಕೊಂಡಿದೆ ಎಂದು ನೋಡಿ, ಆ ಎತ್ತು ಮನೆಗೆ ಆಗಿಬರುತ್ತದೋ ಇಲ್ಲವೋ ಹೇಳಿಬಿಡುತ್ತೇನೆ. ಇಂಥವಳಿಗೆ ಸತ್ತ ಮರ ಯಾವ ಲೆಕ್ಕ!

ಸೊಸೆ ರತ್ನವ್ವ ರೊಟ್ಟಿ ಮಾಡಿ ಮಾರುತ್ತಾಳೆ. ಹುಲಗೂರಿನ ಮದುವೆಗೆ ಸಾವಿರ ರೊಟ್ಟಿ ಒಪ್ಪಿಕೊಂಡಿದ್ದಳು. ಅಷ್ಟರೊಳಗೆ ಅವಳ ರೊಟ್ಟಿ ಕೋಣೆಗೆ ಹಂಚು ಹೊದಿಸಬೇಕಿತ್ತು. ಜಂತಿಗೆಂದು ಶಿಗ್ಗಾವಿಯಿಂದ ಪೈನ್ ಹಲಗೆ ತರಿಸಿದೆವು. ಪರದೇಶದ ಮರವಂತೆ. ಹಗುರ, ಮೈತುಂಬ ಗಂಟು. ಭಾರ ಹೊರುವವು ಯಾವುವು, ಹೊರದವು ಯಾವುವು ಎಂದು ಕಣ್ಣಲ್ಲೇ ನೋಡಿ ಬೇರೆ ಮಾಡಬೇಕು. ಅದಕ್ಕೆ ಸವಣೂರಿನ ಬಡಿಗ ರಾಜೇಸಾಬ ಬಂದ. "ನನಗೂ ಕಲಿಸೋ" ಎಂದೆ.

"ಗಂಟು ನೋಡ್ರಿ ಅವ್ವಾರ. ಎಷ್ಟ ದೊಡ್ಡದೈತಿ, ಎಲ್ಲಿ ಕುಂತೈತಿ. ಗೆರಿ ನೆಟ್ಟಗ ಓಡೇತೋ, ಓರೆ ಆಗೇತೋ. ಆಮ್ಯಾಲ ಬಿರುಕು..."

'ಎಲ್ಲಿ ಕುಂತೈತಿ' ಎಂದದ್ದೇ ಸಾಕು, ಮಿಕ್ಕದ್ದು ನನಗೆ ಕೇಳಿಸಲೇ ಇಲ್ಲ. ಇದು ಸುಳಿಯ ಶಾಸ್ತ್ರವೇ! ಗಂಟಿನ ಸುತ್ತ ಮರದ ಗೆರೆಯೂ ಎತ್ತಿನ ಕೂದಲಿನಂತೆಯೇ ಸುತ್ತಿತ್ತು.

ರಾಜೇಸಾಬ ನಮಾಜಿಗೆ ಹೊರಟ. ಗುರುತು ಹಾಕುವ ಸೀಮೆಸುಣ್ಣ ನನ್ನ ಕೈಯಲ್ಲೇ ಉಳಿಯಿತು. "ಬರೇ ನೋಡ್ಕೋತ ಕುಂಡ್ರಿ, ಗುರ್ತ ಹಾಕಬ್ಯಾಡ್ರಿ" ಎಂದಿದ್ದ. ಬರೇ ನೋಡುತ್ತಾ ಕೂರಲು ನಾನೇನು ಗೂಬೆಯೇ?

ಹಲಗೆಯನ್ನು ಎತ್ತಿನಂತೆ ನಿಲ್ಲಿಸಿಕೊಂಡೆ. ಮೇಲಿನ ಅಂಚು ಬೆನ್ನು, ನಡುಭಾಗ ಹೊಟ್ಟೆ. ಬೆನ್ನ ಮೇಲೆ ಗಂಟಿದ್ದರೆ ಶುಭ, ಸರಿ ಗುರುತು. ಹೊಟ್ಟೆಯಲ್ಲಿದ್ದರೆ ಅಶುಭ, ಅಡ್ಡಗೀಟಿನ ಕಾಟು. ಅಂಚಿನಲ್ಲಿ ಜೋಡಿ ಗಂಟಿದ್ದ ಒಂದು ಹಲಗೆಗಂತೂ ಎರಡು ಸರಿ ಗುರುತು ಹಾಕಿ ಕೈಮುಗಿದೆ!

ನಮ್ಮ ಯಜಮಾನರು ಫಕ್ಕೀರಪ್ಪ ಗರಗಸ ಹಿಡಿದು ಬಂದರು. "ಕಾಟ ಹೊಡದದ್ದು ಏನ್ ಮಾಡೂದು?"

"ಕೊಯ್ದು ಮಣಿ ಮಾಡ್ರಿ, ಕುಂಡ್ರಾಕರ ಆಗ್ತಾವು."

"ರಾಜೇಸಾಬನ್ನ ಒಂದ ಮಾತ ಕೇಳೂನೇನ?"

"ಇಷ್ಟು ವರ್ಷ ಎತ್ತು ಆರಿಸಿಕೊಟ್ಟಾಕಿ ನಾನೋ, ಆ ರಾಜೇಸಾಬನೋ?"

ಯಜಮಾನರು ಬಾಯಿ ಮುಚ್ಚಿದರು. ಗರಗಸ ಬಾಯಿ ತೆರೆಯಿತು.

ರಾಜೇಸಾಬ ಮರಳಿ ಬಂದು ನೋಡಿದವನೇ ತಲೆಯ ಮೇಲೆ ಕೈ ಹೊತ್ತ. "ಯಾ ಅಲ್ಲಾ! ಅವ್ವಾರ, ಅಂಚಿನ್ಯಾಗ ಗಂಟಿದ್ದುವಽ ಮೊದಲ ಮುರಿಯೂದ್ರಿ!"

"ಹುಚ್ಚ ಅದಿ" ಎಂದು ಎರಡು ಗುರುತಿನ ಹಲಗೆಯನ್ನು ಎರಡು ಕಲ್ಲುಗಳ ಮೇಲೆ ಇಡಿಸಿದೆ. ಅವನು ಬ್ಯಾಡ್ರಿ ಬ್ಯಾಡ್ರಿ ಎನ್ನುತ್ತಿದ್ದಂತೆ ಹತ್ತಿ ನಿಂತೆ.

ಲಟಕ್!

ಕಣ್ಣು ಬಿಟ್ಟಾಗ ಮರಳಿನ ಗುಡ್ಡೆಯ ಮೇಲೆ ಕೂತಿದ್ದೆ. ಕಾಲಿನ ಎರಡೂ ಕಡೆ ಅರ್ಧರ್ಧ ಹಲಗೆ. ಬಾಯಿಂದ ಮಾತೇ ಹೊರಡಲಿಲ್ಲ. ನಮ್ಮ ಮನೆಯವರಿಗೆ ಹಲಗೆ ಮುರಿದದ್ದಕ್ಕಿಂತ ಅದೇ ದೊಡ್ಡ ಗಾಬರಿ!

"ಅತ್ತಿ, ಏನರ ಮುರೀತೇನ್ರಿ?" ರತ್ನವ್ವ ಓಡಿಬಂದಳು.

"ಹಲಗಿ" ಎಂದೆ.

ಕೊಯ್ಯದೆ ಉಳಿದಿದ್ದ ಒಂದೇ ಒಂದು ಕಾಟಿನ ಹಲಗೆಯನ್ನು ರಾಜೇಸಾಬ ಅದೇ ಕಲ್ಲುಗಳ ಮೇಲಿಟ್ಟ. "ಗಂಟು ಸಣ್ಣದು, ನಡುವ ಐತಿ, ಗೆರಿ ನೆಟ್ಟಗ. ಈಗ ನಿಂದರ್ರಿ." ನಿಂತೆ. ಕಿರ್ರೆನ್ನಲಿಲ್ಲ. ಮಿಸುಕಲಿಲ್ಲ. ಭಾರ ಹೊರುವ ಮರವೆಲ್ಲ ಮಣೆಯಾಗಿ ಗೋಡೆಗೆ ಒರಗಿತ್ತು. ಇಪ್ಪತ್ತಾರು ಮಣೆ! ಮನೆಯಲ್ಲಿರುವವರು ಮೂವರು.

"ಸಾವಿರ ರೊಟ್ಟಿ ಎಲ್ಲಿ ಬಡೀಲ್ರಿ ಅತ್ತಿ?" ಎಂದಳು ರತ್ನವ್ವ, ಮೆಲ್ಲಗೆ. ಬೈದಿದ್ದರೆ ಚೆನ್ನಾಗಿತ್ತು.

ಹುಲಗೂರಿನ ಮದುವೆಯ ರೊಟ್ಟಿ ನಮ್ಮ ಅಂಗಳದ ಒಲೆಯ ಮೇಲೆ, ಬಿಸಿಲಲ್ಲೇ ಬೆಂದವು. ಕಾಗೆ ಓಡಿಸುವ ಕೆಲಸ ನನ್ನದು. ನೆತ್ತಿ ಸುಟ್ಟರೂ ಕೋಲು ಕೆಳಗಿಡಲಿಲ್ಲ.

ಹೊಸ ಹಲಗೆ ಬಂದ ದಿನ ರಾಜೇಸಾಬ ಬಾಗಿಲಲ್ಲೇ ಕೂಗಿದ. "ಅವ್ವಾರ, ಬರ್ರಿಲ್ಲೆ! ಸುಣ್ಣ ನನ್ನ ಕಡೆ ಇರ್ಲಿ. ನೀವು ಕಣ್ಣ ಮುಚ್ಚಿ, ನಾ ಗುರ್ತ ಹಾಕಿದ್ದರ ಮ್ಯಾಲ ಒಂದೊಂದಾಗಿ ನಿಂದರ್ರಿ."

ನಿಂತೆ. ಒಂದೂ ಮುರಿಯಲಿಲ್ಲ. ಮರ ಪರೀಕ್ಷಿಸುವ ವಿದ್ಯೆ ನನ್ನಲ್ಲಿ ಇದ್ದೇ ಇತ್ತು. ಕಣ್ಣಲ್ಲಲ್ಲ, ತೂಕದಲ್ಲಿ!