ಕಿರಿಯಳಿಯನ ಕಂಪ್ಯೂಟರ್

ಆ ರಜಾದಿನ ಬೆಳಗ್ಗೆ ಕಿರಿಯಳಿಯನ ಹೊಟ್ಟೆಯಲ್ಲಿ ಬೆಂಕಿ ಹೊತ್ತಿಕೊಂಡಿದ್ದು ಹಿರಿಯಳಿಯ ಬಿಟ್ಟ ಒಂದು ನಿಟ್ಟುಸಿರಿನಿಂದ. ಹಿರಿಯಳಿಯ ಎಂದರೆ ಅವನ ಷಡ್ಡಕ, ಹೆಂಡತಿಯ ಅಕ್ಕನ ಗಂಡ.

ನಿಜ ಹೇಳಬೇಕೆಂದರೆ ಕೆಂಡ ಹಳೆಯದು. ಇಬ್ಬರೂ ಒಂದೇ ಮನೆಯ ಅಳಿಯಂದಿರಾದ ದಿನದಿಂದ ಅದು ಬೂದಿಯೊಳಗೆ ಬೆಚ್ಚಗೆ ಕೂತಿತ್ತು. ಮದುವೆಯ ಫೋಟೋದಲ್ಲಿ ಮಾವನವರ ಬಲಗೈ ಹಿರಿಯಳಿಯನ ಹೆಗಲ ಮೇಲಿದೆ. ಕಿರಿಯಳಿಯನ ಹೆಗಲ ಮೇಲಿರಬೇಕಾಗಿದ್ದ ಎಡಗೈ ಅವರದೇ ಜೇಬಿನಲ್ಲಿದೆ. "ಅಳಿಯ ಅಂದ್ರೆ ಹೀಗಿರಬೇಕು" ಎಂದು ಮಾವನವರು ಆಗಾಗ ಹೇಳುವುದುಂಟು. ಹೇಳುವಾಗ ಅವರ ಕಣ್ಣು ಹಿರಿಯಳಿಯನನ್ನು ಬಿಟ್ಟು ಕದಲುವುದಿಲ್ಲ. ಆ ಮಾತು ಒಂದೇ ಒಂದು ಸಲ ತನ್ನ ಕಡೆ ತಿರುಗಲಿ ಎಂದು ಕಿರಿಯಳಿಯ ಪಟ್ಟ ಪಾಡು ಅಷ್ಟಿಷ್ಟಲ್ಲ. ಕಟ್ಟುಹಲ್ಲು ಮಾಡುವುದು ಅವನ ಉದ್ಯೋಗ. ಮಾವನವರಿಗೆ ತನ್ನ ಕೈಯಾರೆ ಒಂದು ಹಲ್ಲಿನ ಸೆಟ್ಟು ಮಾಡಿಕೊಟ್ಟ. ಅದನ್ನು ಹಾಕಿಕೊಂಡು ಅವರು ಆಡಿದ ಮೊದಲ ಮಾತು: "ದೊಡ್ಡಳಿಯ ಎಲ್ಲಿ, ಕಾಣ್ತಿಲ್ಲ?"

ಮಾವನವರು ರೈಲು ನಿಲ್ದಾಣದಲ್ಲಿ ಟಿಕೆಟ್ ಕೊಡುವ ಗುಮಾಸ್ತರಾಗಿದ್ದವರು. ಇಡೀ ಜನ್ಮ ಕಿಂಡಿಯ ಹಿಂದೆ ಕೂತು ಊರವರನ್ನೆಲ್ಲ ರೈಲು ಹತ್ತಿಸಿ, ತಾವು ನಡೆದುಕೊಂಡು ಮನೆಗೆ ಬಂದವರು. ನಿವೃತ್ತಿಯ ದಿನ ಜೊತೆಯವರು ಅವರಿಗೊಂದು ಡಿಸ್ಕ್ ಕೊಟ್ಟರು. ಅದರಲ್ಲಿದ್ದುದು ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟ. ಆ ಡಿಸ್ಕನ್ನು ಕರವಸ್ತ್ರದಲ್ಲಿ ಸುತ್ತಿ, ಹೋದಲ್ಲೆಲ್ಲ ಕೈಚೀಲದಲ್ಲಿಟ್ಟುಕೊಂಡು ಹೋಗುತ್ತಿದ್ದರು. ಆರು ತಿಂಗಳಿಂದ ಅವರ ವಾಸ ದೊಡ್ಡ ಮಗಳ ಮನೆಯಲ್ಲಿ. ಅಲ್ಲಿ ಹಿರಿಯಳಿಯನ ಗೇಮಿಂಗ್ ಕಂಪ್ಯೂಟರ್ ಇತ್ತು, ಅದರ ಪಕ್ಕಕ್ಕೆ ಗಾಜು, ಒಳಗೆ ಬಣ್ಣಬಣ್ಣದ ದೀಪ. "ಗಾಡಿ ಬೆಣ್ಣೆ ಹಾಗೆ ಹೋಗುತ್ತೆ" ಎಂದು ಮಾವನವರು ಫೋನ್ ಮಾಡಿದಾಗಲೆಲ್ಲ ಕಿರಿಯಳಿಯನಿಗೆ ಆ ಹೊತ್ತಿನ ಊಟ ಸೇರುತ್ತಿರಲಿಲ್ಲ.

ಅದಕ್ಕೇ ಅವನೂ ಒಂದು ಕಂಪ್ಯೂಟರ್ ಕಟ್ಟಿಸಲು ಹೊರಟಿದ್ದ. ಮೂರು ಕಡೆ ಗಾಜಿರುವ ಕ್ಯಾಬಿನೆಟ್ಟು, ಆಟದ ಚಿತ್ರ ಮೂಡಿಸುವ ಮೊಳದುದ್ದದ ಗ್ರಾಫಿಕ್ಸ್ ಕಾರ್ಡು, ಹಿರಿಯಳಿಯನದಕ್ಕಿಂತ ಎರಡು ಬಣ್ಣ ಹೆಚ್ಚಿರುವ ದೀಪ. ಎಲ್ಲವನ್ನೂ ಆರಿಸಿಟ್ಟು, ಅಂಗಡಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹಿರಿಯಳಿಯ ಬಾಗಿಲಲ್ಲಿ ಪ್ರತ್ಯಕ್ಷನಾದ. ಕಿರಿಯಳಿಯ ಫೋನಿನಲ್ಲಿದ್ದ ಕ್ಯಾಬಿನೆಟ್ಟಿನ ಚಿತ್ರವನ್ನು, ಕೇಳದಿದ್ದರೂ, ಅವನ ಮೂಗಿನ ಕೆಳಗೆ ಹಿಡಿದ.

"ತುಂಬಾ ಚೆನ್ನಾಗಿದೆ ತಮ್ಮ," ಎಂದ ಹಿರಿಯಳಿಯ. "ಡಿಸ್ಕ್ ಹಾಕೋಕೆ ಜಾಗ ಇಲ್ವಾ?"

"ಈ ಕಾಲದಲ್ಲಿ ಡಿಸ್ಕ್ ಯಾರು ಹಾಕ್ತಾರೆ ಅಣ್ಣ? ಎಲ್ಲಾ ಇಂಟರ್ನೆಟ್ಟಿಂದ ಇಳಿಸ್ಕೊಳ್ಳೋದು."

"ಅದೂ ನಿಜ," ಎಂದು ಹಿರಿಯಳಿಯ ಆ ನಿಟ್ಟುಸಿರು ಬಿಟ್ಟ. "ಮಾವನವರ ಆಟ ಮಾತ್ರ ಎಲ್ಲೂ ಸಿಗಲ್ಲ. ಡಿಸ್ಕ್ ಒಳಗಿದ್ರೇನೇ ಶುರುವಾಗೋದು. ಹೋದ ವಾರದಿಂದ ನಮ್ಮನೇಲಿ ಡಿಸ್ಕ್ ಡ್ರೈವ್ ಇಲ್ಲ, ರೈಲೂ ಇಲ್ಲ. ನನ್ನ ಜೊತೆ ಮಾತು ಬಿಟ್ಟಿದಾರೆ."

"ಪಾಪ," ಎಂದ ಕಿರಿಯಳಿಯ, ಬಾಯಿಯಲ್ಲಿ ಮಾತ್ರ. ಒಳಗೆ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು.

"ಯಾರ ಮನೇಲಿ ನನ್ನ ರೈಲು ಓಡುತ್ತೋ ಅವನೇ ನನ್ನ ಅಳಿಯ ಅಂತ ನಿನ್ನೆ ಗೋಡೆಗೆ ಹೇಳ್ತಾ ಇದ್ರು. ನೀನು ತಲೆ ಕೆಡಿಸ್ಕೋಬೇಡ. ಇದು ನಿನ್ನ ಕೈಲಿ ಆಗೋ ಕೆಲಸ ಅಲ್ಲ."

ಅಷ್ಟರಲ್ಲಿ ಬೀದಿಯಲ್ಲಿ ಒಂದು ಲಾರಿ ಹಾರನ್ ಹೊಡೆಯಿತು. ಹಿರಿಯಳಿಯ ದಡಕ್ಕನೆ ಎದ್ದು ನಿಂತು ಬಲಗೈ ಮೇಲೆತ್ತಿದ. ಆಮೇಲೆ ಸುತ್ತ ನೋಡಿ, ಕೈ ಇಳಿಸಿ, ಬರುತ್ತೇನೆಂದು ಹೊರಟ. ಅವನ ಕಣ್ಣ ಕೆಳಗಿನ ಕಪ್ಪು ಆಗ ಕಿರಿಯಳಿಯನಿಗೆ ಕಂಡಿತು. ರಾತ್ರಿಯೆಲ್ಲ ಆಟ ಆಡುತ್ತಾನೆ, ಪುಣ್ಯವಂತ, ಎಂದು ಅದಕ್ಕೂ ಹೊಟ್ಟೆ ಉರಿದುಕೊಂಡ.

"ಕೈಲಿ ಆಗಲ್ವಂತೆ. ತೋರಿಸ್ತೀನಿ," ಎಂದು ಫೋನ್ ತೆಗೆದ.

"ರೀ, ಸ್ವಲ್ಪ ಯೋಚನೆ ಮಾಡಿ," ಎಂದಳು ಹೆಂಡತಿ. "ಭಾವ ಇನ್ಶೂರೆನ್ಸ್ ಏಜೆಂಟು. ಪಾಲಿಸಿ ತಗೊಳ್ಳಿ ಅಂತ ಅವರು ಯಾವತ್ತೂ ಯಾರಿಗೂ ಹೇಳಲ್ಲ. ನಿಮಗೆ ಇದೆಲ್ಲ ಆಗಿಬರಲ್ಲ ಬಿಡಿ ಅಂತಾರೆ. ಜನ ಹಟಕ್ಕೆ ಬಿದ್ದು ಎರಡೆರಡು ತಗೋತಾರೆ."

ಹೆಂಡತಿಯ ಮಾತು ಕೇಳುವಷ್ಟು ಜಾಗ ಆಗ ಅವನ ಕಿವಿಯಲ್ಲಿರಲಿಲ್ಲ. ಅವನು ಮಾವನವರಿಗೆ ಫೋನ್ ಮಾಡಿ, "ಸಂಜೆ ನಮ್ಮನೆಗೆ ಬನ್ನಿ ಮಾವ. ರೈಲು ರೆಡಿ ಇರುತ್ತೆ," ಎಂದುಬಿಟ್ಟ.

ಅಂಗಡಿಗೆ ಅವನ ಜೊತೆ ಮೇಲ್ಮನೆಯವನೂ ಹೊರಟ. ಮೇಲಿನ ಮಹಡಿಯಲ್ಲಿರುವ ಈತ ಗಡಿಯಾರ ರಿಪೇರಿ ಮಾಡುವವನು. ಊರ ಉಸಾಬರಿಯಿಲ್ಲದೆ ಅವನಿಗೆ ತಿಂದದ್ದು ಅರಗುವುದಿಲ್ಲ. ತನ್ನ ಕಂಪ್ಯೂಟರಿಗೆ ತಾನೇ ಎಂಟು ಫ್ಯಾನು ಹಾಕಿಕೊಂಡಿದ್ದಾನೆ. ಅದು ಶುರುವಾದರೆ ಕೆಳಗಿನ ಮನೆಯ ಕ್ಯಾಲೆಂಡರ್ ಹಾರುತ್ತದೆ.

"ಡಿಸ್ಕ್ ಡ್ರೈವಾ?" ಎಂದ ಮೇಲ್ಮನೆಯವನು ದಾರಿಯಲ್ಲಿ. "ವಿಮಾನಕ್ಕೆ ಎತ್ತು ಕಟ್ತೀನಿ ಅಂದ ಹಾಗಾಯ್ತು."

ಅಂಗಡಿಯವನು ಡಿಸ್ಕ್ ಡ್ರೈವ್ ಎಂಬ ಮಾತು ಕೇಳಿ, ಸತ್ತುಹೋದ ನೆಂಟರ ಹೆಸರು ಕೇಳಿದವರಂತೆ ಲೊಚಗುಟ್ಟಿದ. ಆಮೇಲೆ ಗಾಜಿನ ಕ್ಯಾಬಿನೆಟ್ಟನ್ನು ತಟ್ಟಿ ತೋರಿಸಿದ. "ಇದರಲ್ಲಿ ಅದಕ್ಕೆ ಜಾಗಾನೇ ಇಲ್ಲ ಸಾರ್. ಬೇಕಾದ್ರೆ ಹೊರಗಿಂದ ವೈರಲ್ಲಿ ಸಿಕ್ಕಿಸೋದು ಇದೆ. ಹಪ್ಪಳದಷ್ಟು ತೆಳ್ಳಗೆ. ಬೇಕಾದಾಗ ಸಿಕ್ಕಿಸಿ, ಬೇಡದಾಗ ತೆಗೆದಿಡಿ."

ಬುದ್ಧಿಯಿದ್ದವನು ಅಲ್ಲಿಗೆ ಮುಗಿಸುತ್ತಿದ್ದ. ಆದರೆ ಕಿರಿಯಳಿಯನಿಗೆ ಬೇಕಾಗಿದ್ದುದು ಬುದ್ಧಿಯಲ್ಲ. "ನಮ್ಮ ಷಡ್ಡಕಂದು ಒಳಗೇ ಇತ್ತು," ಎಂದ. "ನಂದು ಹೊರಗಡೆ ಬಾಲದ ಹಾಗೆ ನೇತಾಡ್ಬೇಕಾ?"

"ಅದು ಹಳೇ ಮಾಡೆಲ್ ಇರ್ಬೇಕು. ಈಗ ಡ್ರೈವ್ ಒಳಗೇ ಬೇಕು ಅಂದ್ರೆ ಗಾಜು ಬಿಡ್ಬೇಕಾಗುತ್ತೆ."

ಕಿರಿಯಳಿಯ ಗಾಜು ಬಿಟ್ಟ. ಅಂಗಡಿಯವನು ಹಿಂದಿನ ಕೋಣೆಯಿಂದ ಒಂದು ಬೂದುಬಣ್ಣದ ತಗಡಿನ ಕ್ಯಾಬಿನೆಟ್ಟು ಎಳೆದು ತಂದ. ಎತ್ತರದಲ್ಲಿ ಅದು ಚಿಕ್ಕ ಬೀರುವಿನಷ್ಟಿತ್ತು. ಒಳಗೆ ಒಂದು ಸತ್ತ ಜಿರಳೆಯೂ ಇತ್ತು, ಅದನ್ನು ಮೇಲ್ಮನೆಯವನು ಊದಿ ತೆಗೆದ. ಮೊಳದುದ್ದದ ಗ್ರಾಫಿಕ್ಸ್ ಕಾರ್ಡನ್ನು ಅದರಲ್ಲಿ ಕೂರಿಸಲು ನೋಡಿದರೆ, ಡ್ರೈವು ಕೂರಬೇಕಾದ ಕಬ್ಬಿಣದ ಗೂಡು ಅಡ್ಡ ಬಂತು.

"ಗೂಡು ಕತ್ತರಿಸಿದ್ರೆ ಕಾರ್ಡ್ ಹೋಗುತ್ತೆ. ಗೂಡು ಇರಬೇಕು ಅಂದ್ರೆ ಗಿಡ್ಡ ಕಾರ್ಡ್ ಹಾಕ್ಬೇಕು," ಎಂದ ಅಂಗಡಿಯವನು.

"ಗಿಡ್ಡ ಕಾರ್ಡಲ್ಲಿ ನೀನು ಆಡ್ಬೇಕು ಅಂತಿದ್ದ ಆಟ ಒಂದೂ ಓಡಲ್ಲ," ಎಂದ ಮೇಲ್ಮನೆಯವನು. "ಮೂಗಿಗಿಂತ ಮೂಗುತಿ ಭಾರ ಮಾಡ್ಕೋತಿದೀಯ."

ಕಿರಿಯಳಿಯ ಉದ್ದದ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿದ. ನಿಜಕ್ಕೂ ಸಂಕಟವಾಯಿತು. ಎಷ್ಟೋ ತಿಂಗಳಿಂದ ಕೆಲಸದ ಮೇಜಿನ ಮುಂದೆ ಕೂತು, ಯಾರದೋ ದವಡೆಗೆ ಹಲ್ಲು ಜೋಡಿಸುತ್ತ, ಅವನು ಕನಸಿನಲ್ಲಿ ಈ ಕಾರ್ಡಿನ ಮೇಲೆ ಎಷ್ಟೋ ಯುದ್ಧ ಗೆದ್ದಿದ್ದ. ಆದರೆ ಫೋಟೋದಲ್ಲಿ ಜೇಬು ಸೇರಿದ್ದ ಆ ಎಡಗೈ ನೆನಪಾಯಿತು. ಕಾರ್ಡನ್ನು ವಾಪಸು ಕೊಟ್ಟ.

ಗೂಡು ಸಿಕ್ಕಿತು, ಗೂಡಿಗೆ ಹಕ್ಕಿ ಬೇಕಲ್ಲ. ಹೊಸ ಡ್ರೈವು ತರಿಸುವುದಕ್ಕೆ ವಾರ ಬೇಕೆಂದ ಅಂಗಡಿಯವನು, ಕಿರಿಯಳಿಯನ ಮುಖ ನೋಡಿ ಮರುಗಿ, ಕಪಾಟಿನ ಮೂಲೆಯಿಂದ ಒಂದನ್ನು ತೆಗೆದ. "ಸೆಕೆಂಡ್ ಹ್ಯಾಂಡು. ಹೋದ ವಾರ ಬಂತು. ಒಂದು ಗೀರಿಲ್ಲ ನೋಡಿ." ಅದರ ಗುಂಡಿಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಯಿತ್ತು.

"ಈ ಕೆಂಪು ಏನು?" ಎಂದ ಕಿರಿಯಳಿಯ.

"ಒಳ್ಳೆ ಮಾಲಿಗೆ ಕಂಪನಿಯವರು ಹಾಗೆ ಗುರುತು ಹಾಕ್ತಾರೆ," ಎಂದು ಮೇಲ್ಮನೆಯವನು ತನಗೆ ಗೊತ್ತಿಲ್ಲದ್ದನ್ನು ಎಂದಿನ ಧೈರ್ಯದಿಂದ ಹೇಳಿದ.

ಮಧ್ಯಾಹ್ನವೆಲ್ಲ ಜೋಡಣೆ ನಡೆಯಿತು. ಮೇಲ್ಮನೆಯವನು ತನ್ನ ಹಳೆಯ ಎರಡು ಫ್ಯಾನುಗಳನ್ನು ಬೇಡವೆಂದರೂ ಒಳಗೆ ತುರುಕಿದ. ಅವುಗಳಿಂದ ಪಕ್ಕದ ತಗಡು ಮುಚ್ಚಿಕೊಳ್ಳದೆ ಬಾಯಿ ಬಿಟ್ಟಿತು. ಕಿರಿಯಳಿಯ ಹಲ್ಲಿನ ಅಚ್ಚಿಗೆ ಬಳಸುವ ಮೇಣ ಕಾಯಿಸಿ ಅದಕ್ಕೆ ಮೆತ್ತಿದ. ಕ್ಯಾಬಿನೆಟ್ಟು ಮೇಜಿನ ಕೆಳಗೆ ಹಿಡಿಸಲಿಲ್ಲ, ಮೇಜಿನ ಮೇಲಿಟ್ಟರೆ ಮಾನಿಟರಿಗೆ ಜಾಗವಿಲ್ಲ. ಕೊನೆಗೆ ಹೆಂಡತಿಯ ಹೊಲಿಗೆ ಯಂತ್ರ ಹಿತ್ತಲಿಗೆ ಹೋಗಿ, ಅದರ ಜಾಗದಲ್ಲಿ ಕಂಪ್ಯೂಟರು ನಿಂತಿತು. ಹೆಂಡತಿಯೂ ಅವನ ಜೊತೆ ಮಾತು ಬಿಟ್ಟಳು.

ಸಂಜೆ ಮಾವನವರು ಬಂದರು. ಜೊತೆಗೆ ಹಿರಿಯಳಿಯ ಅವರ ಹಾಸಿಗೆ, ಟ್ರಂಕು, ಕೊಡೆ, ಚಳಿಗಾಲದ ಕಂಬಳಿ ಹೊತ್ತು ಬಂದ. ಒಂದು ಸಂಜೆಯ ಆಟಕ್ಕೆ ಕಂಬಳಿ ಯಾಕೆಂದು ಕೇಳುವಷ್ಟು ವ್ಯವಧಾನ ಕಿರಿಯಳಿಯನಿಗಿರಲಿಲ್ಲ. ಅವನು ಕಾಯುತ್ತಿದ್ದುದು ಒಂದೇ ಒಂದು ವಾಕ್ಯಕ್ಕೆ.

ಮಾವನವರು ಕುರ್ಚಿಯಲ್ಲಿ ಕೂತು, ಕರವಸ್ತ್ರ ಬಿಚ್ಚಿ ಡಿಸ್ಕ್ ತೆಗೆದರು. ಗುಂಡಿ ಹುಡುಕಲು ಬಗ್ಗಿದವರು ಅಲ್ಲೇ ನಿಂತರು.

"ಅರೆ, ಇಲ್ಲೂ ಕೆಂಪು ಚುಕ್ಕೆ. ಯಾವ ಗುಂಡಿ ಅಂತ ನನಗೆ ಗೊತ್ತಾಗಲಿ ಅಂತ ನಮ್ಮ ದೊಡ್ಡವಳು ಅವರ ಮನೇದಕ್ಕೆ ನೇಲ್ ಪಾಲಿಶ್ ಹಚ್ಚಿದ್ಲು. ಇಂಥದ್ದೇ ಬಣ್ಣ, ಇದೇ ಜಾಗ."

ಕಿರಿಯಳಿಯ ಹಿರಿಯಳಿಯನ ಮುಖ ನೋಡಿದ. ಹಿರಿಯಳಿಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದ.

ಡಿಸ್ಕ್ ಒಳಗೆ ಹೋಯಿತು. ಪರದೆಯ ಮೇಲೆ ನಿಲ್ದಾಣ ಮೂಡಿತು, ಹಳಿ ಮೂಡಿತು. ಮಾವನವರ ಬೆನ್ನು ನೆಟ್ಟಗಾಯಿತು, ಮುಖ ಇಪ್ಪತ್ತು ವರ್ಷ ಎಳೆಯದಾಯಿತು. ಅವರು ಹಾರನ್ ಒತ್ತಿದರು. ಅಡುಗೆಮನೆಯಲ್ಲಿ ಪಾತ್ರೆಗಳು ಬಿದ್ದವು.

"ಗಾಡಿ ಯಾಕೆ ಹೊರಡ್ತಿಲ್ಲ ಮಾವ?" ಎಂದ ಕಿರಿಯಳಿಯ.

"ಗಾರ್ಡ್ ಬಾವುಟ ತೋರಿಸದೆ ಹೊರಡಕ್ಕಾಗುತ್ತಾ? ನಿಯಮ ಅಂದ್ರೆ ನಿಯಮ." ಮಾವನವರು ಟ್ರಂಕಿನ ಕಡೆ ಕೈ ತೋರಿಸಿದರು. ಹಿರಿಯಳಿಯ ಅದನ್ನು ತೆರೆದು, ಒಂದು ಹಸಿರು ಬಟ್ಟೆ ತೆಗೆದು, ಬಹಳ ಮರ್ಯಾದೆಯಿಂದ ಕಿರಿಯಳಿಯನ ಕೈಗಿಟ್ಟ.

"ಪ್ರತಿ ನಿಲ್ದಾಣದಲ್ಲೂ," ಎಂದ ಮೆಲ್ಲಗೆ. "ಮೊದಲ ಗಾಡಿ ಬೆಳಗಿನ ಜಾವ ನಾಲ್ಕಕ್ಕೆ. ನಡುವೆ ನಿಲ್ಲಿಸೋ ಹಾಗಿಲ್ಲ. ಪ್ರಯಾಣಿಕರಿಗೆ ತೊಂದರೆ ಆಗುತ್ತಂತೆ."

ಬೆಳಗ್ಗೆ ಲಾರಿ ಹಾರನ್ನಿಗೆ ಮೇಲೆದ್ದ ಆ ಬಲಗೈಯ ಅರ್ಥ ಕಿರಿಯಳಿಯನಿಗೆ ಈಗ ಆಯಿತು. ಕಣ್ಣ ಕೆಳಗಿನ ಕಪ್ಪಿನ ಅರ್ಥವೂ ಆಯಿತು. "ಡ್ರೈವ್ ಕೆಟ್ಟಿತ್ತು ಅಂದ್ಯಲ್ಲ ಅಣ್ಣ," ಎಂದ.

"ಕೆಟ್ಟಿತ್ತು ಅಂತ ನಾನು ಎಲ್ಲಿ ಅಂದೆ? ನಮ್ಮನೇಲಿ ಇಲ್ಲ ಅಂದೆ," ಎಂದ ಹಿರಿಯಳಿಯ ಚಪ್ಪಲಿ ಮೆಟ್ಟುತ್ತ. "ಬಿಚ್ಚಿ ನೀನು ಹೋಗೋ ಅಂಗಡಿಗೇ ಕೊಟ್ಟಿದ್ದೆ. ಒಳ್ಳೆ ಡ್ರೈವ್ ತಮ್ಮ, ಆರು ತಿಂಗಳಲ್ಲಿ ಒಂದು ದಿನವೂ ಕೈ ಕೊಡಲಿಲ್ಲ. ಕೊಡಲಿ ಅಂತ ನಾನು ಹರಕೆ ಹೊತ್ತುಕೊಂಡಿದ್ದು ಬೇರೆ ಮಾತು."

ಅವನು ಮೆಟ್ಟಿಲಿಳಿದು ಹೋದ. ಬೀದಿಯ ತಿರುವಿನವರೆಗೂ ಕಿರಿಯಳಿಯ ಅವನ ಬೆನ್ನನ್ನೇ ನೋಡಿದ. ಆ ಬೆನ್ನು ಈಗ ಗಾಜಿನ ಕಂಪ್ಯೂಟರಿರುವ ಮನೆಗೆ ಹೋಗುತ್ತದೆ. ಅಲ್ಲಿ ಒಳ್ಳೆಯ ಕಾರ್ಡಿದೆ, ಬಣ್ಣದ ದೀಪವಿದೆ, ಹಾರನ್ ಇಲ್ಲ. ಇಷ್ಟು ವರ್ಷ ಅವನು ಹಿರಿಯಳಿಯನ ಬಗ್ಗೆ ಪಟ್ಟ ಹೊಟ್ಟೆಕಿಚ್ಚೆಲ್ಲ ಒಟ್ಟು ಸೇರಿದರೂ ಆ ಗಳಿಗೆಯ ಹೊಟ್ಟೆಕಿಚ್ಚಿನ ಕಾಲು ಭಾಗಕ್ಕೆ ಬರುತ್ತಿರಲಿಲ್ಲ.

ಹೋಗಲಿ, ಆ ಒಂದು ಮಾತಾದರೂ ಸಿಕ್ಕೀತು ಎಂದುಕೊಂಡು ಒಳಗೆ ಬಂದು ಕುರ್ಚಿಯ ಹಿಂದೆ ನಿಂತ. ಬಾವುಟ ಬೀಸಿದ. ಗಾಡಿ ಹೊರಟಿತು. ಹೊಲ ದಾಟಿತು, ಸೇತುವೆ ದಾಟಿತು. ಮಾವನವರ ಕಣ್ಣು ತುಂಬಿ ಬಂತು.

"ಅಳಿಯ ಅಂದ್ರೆ ಹೀಗಿರಬೇಕು," ಎಂದರು.

ಕಿರಿಯಳಿಯನಿಗೆ ಮೈ ಜುಮ್ಮೆಂದಿತು.

"ಹೋದ ವಾರ ಡ್ರೈವ್ ಬಿಚ್ಚಿದಾಗ ನಾನು ಮುಖ ಊದಿಸ್ಕೊಂಡಿದ್ದೆ," ಎಂದು ಮಾವನವರು ಪರದೆಯಿಂದ ಕಣ್ಣು ತೆಗೆಯದೆ ಮುಂದುವರಿಸಿದರು. "ಆಗ ದೊಡ್ಡಳಿಯ ಏನಂದ್ರು ಗೊತ್ತಾ? ಒಂದು ವಾರ ತಡ್ಕೊಳ್ಳಿ ಮಾವ, ನಿಮ್ಮ ರೈಲು ಪರ್ಮನೆಂಟಾಗಿ ಓಡೋ ಹಾಗೆ ನಾನು ಒಂದು ಕಡೆ ವ್ಯವಸ್ಥೆ ಮಾಡ್ತೀನಿ ಅಂದ್ರು. ನೋಡಿ, ಆಡಿದ ಮಾತಿಗೆ ತಪ್ಪಲಿಲ್ಲ. ನೀವೂ ಅವರನ್ನ ನೋಡಿ ಸ್ವಲ್ಪ ಕಲೀಬೇಕು."

ಪರದೆಯ ಮೇಲೆ ಮುಂದಿನ ನಿಲ್ದಾಣ ಬಂದು ನಿಂತಿತು.

"ಗಾರ್ಡ್," ಎಂದರು ಮಾವನವರು, "ಬಾವುಟ."