ಭಾವಮೈದನ ಸಿದ್ಧಾಂತ ಮತ್ತು ಒಂದು ತಟ್ಟೆ ಕೇಸರಿಬಾತ್

ಮನೆಯಲ್ಲಿ ಒಬ್ಬ ಮಾರ್ಕ್ಸ್‌ವಾದಿ ಇದ್ದರೆ ನಗುವುದಕ್ಕೆ ಬೇರೇನೂ ಬೇಕಾಗುವುದಿಲ್ಲ. ಭಾನುವಾರ ಬಂದರೆ ಏನಾದರೊಂದು ಆಗಿಯೇ ಆಗುತ್ತದೆ. ನಮ್ಮ ಮನೆಯ ಮಾರ್ಕ್ಸ್‌ವಾದಿ ನನ್ನ ಹೆಂಡತಿಯ ತಮ್ಮ. ದೆಹಲಿಯ ಮುನಿರ್ಕಾದಲ್ಲಿ ಒಂದು ಕೋಣೆ ಹಿಡಿದು ಪಕ್ಕದ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಬಂಡವಾಳಶಾಹಿಯ ಬಗ್ಗೆ ಆ ಗಡ್ಡದಜ್ಜ ಮಾರ್ಕ್ಸ್ ಅಂದು ಹೇಳಿದ್ದು ಈ ಮೊಬೈಲು, ಶಾಪಿಂಗ್ ಮಾಲುಗಳ ಕಾಲಕ್ಕೂ ಸಲ್ಲುತ್ತದೆಯೇ ಎಂಬುದು ಅವನ ವಿಷಯ. ಭಾನುವಾರದ ಊಟಕ್ಕೆ ಮಾತ್ರ ಸರೋಜಿನಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಬರುತ್ತಿದ್ದ. ನಾನು ಸಚಿವಾಲಯವೊಂದರಲ್ಲಿ ಸೆಕ್ಷನ್ ಆಫೀಸರ್. ನನಗೆ ಯಾವ ವಾದವೂ ಇಲ್ಲ, ಕುತೂಹಲ ಮಾತ್ರ ಜಾಸ್ತಿ.

ನಮ್ಮ ಮೇಲಿನ ಮಹಡಿಯಲ್ಲಿ ಧಾರವಾಡದ ಕಡೆಯ ಒಂದು ಸಂಸಾರವಿತ್ತು. ಅವರ ಮಗಳು ದೆಹಲಿಯಲ್ಲೇ ಬೆಳೆದವಳು, ಗುರ್‌ಗಾಂವಿನ ಕಂಪನಿಯೊಂದರಲ್ಲಿ ಕೆಲಸ. ಅವಳನ್ನು ತಮ್ಮನಿಗೆ ತಂದುಕೊಳ್ಳಬೇಕೆಂದು ನನ್ನ ಹೆಂಡತಿಯ ಆಸೆ. ಹುಡುಗಿ, "ಮೊದಲು ಮನುಷ್ಯ ಹೇಗೆ ಅಂತ ನೋಡ್ತೀನಿ ಆಂಟಿ, ಜಲ್ದಿ ಏನಿದೆ?" ಎಂದಿದ್ದಳು. ಇವನು ಮುಂದಿನ ಭಾನುವಾರ ಗಡ್ಡ ಟ್ರಿಮ್ ಮಾಡಿಸಿಕೊಂಡು ಬಂದ. ಅಷ್ಟು ದೊಡ್ಡ ತ್ಯಾಗವನ್ನು ಅವನು ಯಾವ ಕ್ರಾಂತಿಗೂ ಮಾಡಿರಲಿಲ್ಲ.

ಹೇಳಿದ ಬೆಲೆ

ಒಮ್ಮೆ ಅಕ್ಕ ತಮ್ಮ ಇಬ್ಬರೂ ಸರೋಜಿನಿ ಮಾರ್ಕೆಟ್ಟಿಗೆ ಹೋದರು. ವಿದೇಶಕ್ಕೆಂದು ಹೊಲಿದು ಉಳಿದುಹೋದ ಬಟ್ಟೆಗಳ ಲೇಬಲ್ ಕತ್ತರಿಸಿ, ಅಲ್ಲಿ ನೆಲದ ಮೇಲೆ ಚಾದರ ಹಾಸಿ ರಾಶಿ ಹಾಕಿರುತ್ತಾರೆ. ಚೌಕಾಸಿ ಮಾಡದೆ ಅಲ್ಲಿ ಯಾರೂ ಒಂದು ಕರ್ಚೀಫನ್ನೂ ಕೊಳ್ಳುವುದಿಲ್ಲ. ಇವನು ಮಾತ್ರ, "ಅಕ್ಕ, ಬೆಲೆ ಅಂದ್ರೆ ಯಾರದೋ ದುಡಿಮೆ. ದುಡಿಮೆಗೆ ಚೌಕಾಸಿ ಮಾಡಬಾರದು" ಎಂದು, ಒಂದು ಅಂಗಿಗೆ ವ್ಯಾಪಾರಿ ಬಾಯಿಗೆ ಬಂದಂತೆ ಹೇಳಿದ ದುಡ್ಡನ್ನು ಪೂರ್ತಿ ಎಣಿಸಿ ಕೊಟ್ಟ.

ವ್ಯಾಪಾರಿ ನೋಟನ್ನು ಬೆಳಕಿಗೆ ಹಿಡಿದ. ಇವನ ಮುಖ ನೋಡಿದ. "ಭಯ್ಯಾ, ಕಮಿಟಿ ಸೇ ಹೋ ಕ್ಯಾ?" ಎಂದ. ಅಂಗಡಿ ಎತ್ತಿಸಲು ಬಂದ ಮುನ್ಸಿಪಾಲಿಟಿಯವನೇ ಎಂದು ಅವನ ಅನುಮಾನ. ಇವನು ಅವನ ಭುಜ ತಟ್ಟಿ, "ನಹೀ ಭಯ್ಯಾ, ಮೈ ಆಪ್ ಕೇ ಸಾಥ್ ಹೂಂ", ನಾನು ನಿಮ್ಮ ಕಡೆಯವನೇ, ಎಂದ. ಅಷ್ಟೇ. ಭುಜದ ಮೇಲೆ ಕೈ ಬಿದ್ದದ್ದು ಕಂಡ ಇಡೀ ಸಾಲಿನವರು ದಾಳಿಯೆಂದೇ ತಿಳಿದು ಚಾದರದ ಮೂಲೆಗಳನ್ನು ಒಟ್ಟುಗೂಡಿಸಿ ಗಂಟು ಕಟ್ಟಿ ಓಟ ಕಿತ್ತರು.

"ಶೋಷಿತ ವರ್ಗ ಓಡಿಹೋಯ್ತು. ನಿನ್ನ ಅಂಗಿ ಎಲ್ಲಿ?" ಎಂದಳು ನನ್ನ ಹೆಂಡತಿ. ಅಂಗಿಯೂ ಗಂಟಿನಲ್ಲೇ ಹೋಗಿತ್ತು.

ತಿರುಗಿ ಬರುವ ಫೈಲು

ಇನ್ನೊಂದು ಭಾನುವಾರ ಮೇಲಿನ ಮನೆಯ ಹುಡುಗಿಯೂ ಕಾಫಿಗೆ ಬಂದಿದ್ದಳು. ಇವನಿಗೆ ಹುರುಪು. "ಭಾವ, ಮಾಲು ನ್ಯಾಯವಾಗಿ ದುಡಿದವನದು. ಆದ್ರೆ ಇವತ್ತು ತಾನು ಮಾಡಿದ ವಸ್ತು ಆಮೇಲೆ ಅವನ ಕಣ್ಣಿಗೂ ಬೀಳಲ್ಲ. ನೀವು ಆಫೀಸಲ್ಲಿ ಏನು ತಯಾರು ಮಾಡ್ತೀರಿ?"

"ಫೈಲು" ಎಂದೆ.

"ಮಾಡಿ ಎಲ್ಲಿಗೆ ಕಳಿಸ್ತೀರಿ?"

"ಮೇಲಕ್ಕೆ."

"ಅಲ್ಲಿಂದ?"

"'ಚರ್ಚಿಸಿ' ಅಂತ ಬರೆದು ನನಗೇ ಕಳಿಸ್ತಾರೆ. ತಿದ್ದಿ ಮತ್ತೆ ಕಳಿಸ್ತೀನಿ. ಮತ್ತೆ ಬರುತ್ತೆ."

ಅವನು ಗಡ್ಡ ಕೆರೆದುಕೊಂಡ. ಹುಡುಗಿಗೆ ನಗು ತಡೆಯಲಾಗಲಿಲ್ಲ. "ಅಂಕಲ್, ನೀವು ಮಾಡಿದ ಮಾಲು ರಿಟೈರ್ ಆಗೋವರೆಗೂ ನಿಮ್ಮದೇ. ಕ್ರಾಂತಿ ಆಲ್ರೆಡಿ ಆಗಿಹೋಗಿದೆ!"

ಕುತ್ತಿಗೆಯ ಪಟ್ಟಿ

ಶೋಷಣೆಯನ್ನು ಕಣ್ಣಾರೆ ನೋಡಬೇಕೆಂದು ಅವನೇ ಅವಳನ್ನು ಕೇಳಿಕೊಂಡು ಗುರ್‌ಗಾಂವಿನ ಆಫೀಸಿಗೆ ಹೋದ. ನನ್ನನ್ನೂ ಎಳೆದುಕೊಂಡು ಹೋದ. ಅಲ್ಲಿ ಟೇಬಲ್ ಟೆನಿಸ್, ಕೂತರೆ ಮುಳುಗುವ ಕುರ್ಚಿಗಳು, ಪುಕ್ಕಟೆ ಊಟ. "ಇಲ್ಲಿ ಬಾಸ್ ಅಂತ ಯಾರೂ ಇಲ್ಲ. ನಾವೆಲ್ಲ ಫ್ಯಾಮಿಲಿ" ಎಂದಳು ಅವಳು.

"ಫ್ಯಾಮಿಲಿ ಮನೆಗೆ ಎಷ್ಟೊತ್ತಿಗೆ ಹೋಗುತ್ತೆ?" ಎಂದು ಇವನು ಕೇಳಿದ. ಪಕ್ಕದಲ್ಲಿದ್ದ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವನು ಅವರ ಕುತ್ತಿಗೆಯ ಗುರುತಿನ ಚೀಟಿಯ ಪಟ್ಟಿ ತೋರಿಸಿ, "ನೋಡಿ ಭಾವ, ಇದೇ ಸರಪಳಿ" ಎಂದು ಪಿಸುಗುಟ್ಟಿದ.

ಆದರೆ ಊಟದ ಹಾಲಿಗೆ ಆ ಪಟ್ಟಿ ಇಲ್ಲದೆ ಬಿಡುವುದಿಲ್ಲವಂತೆ. ಇವನು ತಾನೇ ಹೋಗಿ ವಿಸಿಟರ್ ಪಟ್ಟಿ ಕೇಳಿ ಕೊರಳಿಗೆ ಹಾಕಿಕೊಂಡು ಬಂದ. ಪನೀರ್ ಬಹಳ ಚೆನ್ನಾಗಿತ್ತು.

ನಾಲ್ಕನೇ ಅಧ್ಯಾಯ

ಇದು ನಗುವ ಪ್ರಸಂಗವಲ್ಲ, ಆದರೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಅಮೆರಿಕದಲ್ಲಿ ಬ್ಯಾಂಕುಗಳು ಮುಳುಗಿದ ಕಾಲ. ಒಂದು ಸಂಜೆ ಹುಡುಗಿ ನಮ್ಮ ಮನೆಗೆ ಬಂದು ಕುಸಿದು ಕೂತಳು. "ಕೆಲಸದಿಂದ ತೆಗೆದ್ರು ಆಂಟಿ. ಕ್ಯಾಬಿನ್ನಿಗೆ ಕರೆದು, 'ನಾವು ಇನ್ನೂ ಫ್ಯಾಮಿಲಿನೇ' ಅಂತ ಹೇಳಿ ಲ್ಯಾಪ್‌ಟಾಪ್ ಇಸ್ಕೊಂಡ್ರು."

ಥೀಸಿಸ್ ಬರೆಯಲೆಂದು ಅಂದು ನಮ್ಮಲ್ಲಿಗೆ ಬಂದು ಮೂಲೆಯಲ್ಲಿ ಕೂತಿದ್ದ ನಮ್ಮ ಮಹಾಶಯ ಎದ್ದು ಕುಣಿದುಬಿಟ್ಟ. "ಬಿಕ್ಕಟ್ಟು ಬಂದ್ರೆ ಮೊದಲು ಹೋಗೋದು ದುಡಿಯೋರ ಕೆಲಸ, ನಾನು ಬರೆದಿದ್ದೂ ಅದೇ! ನನ್ನ ನಾಲ್ಕನೇ ಅಧ್ಯಾಯ ಸರಿ ಇದೆ!"

ಹುಡುಗಿ ಅವನನ್ನೊಮ್ಮೆ ನೋಡಿ, ಎದ್ದು ಮೇಲೆ ಹೋದಳು. ನನ್ನ ಹೆಂಡತಿ ಬಾಗಿಲು ಹಾಕಿ ಒಳಗೆ ನಡೆದಳು. ನನಗೆ ಮೊದಲು ಹುಡುಗಿಯ ಮೇಲೆ ಕನಿಕರ ಬಂತು, ಆಮೇಲೆ ಇವನ ಮೇಲೆ. ಮುಖ ಬಿಳಿಚಿಕೊಂಡು ನಿಂತಿದ್ದ. "ಇಂಥ ಪರಿಸ್ಥಿತಿಗೆ ಅಜ್ಜ ಏನಾದರೂ ಹೇಳಿದ್ದಾರೇನೋ?" ಎಂದು ಕೇಳಿದೆ.

"ಇಲ್ಲ ಭಾವ. ಇದು ನನ್ನ ಸ್ವಂತ ಕೊಡುಗೆ" ಎಂದ.

ದುಡಿದವನ ಪಾಲು

ಮುಂದಿನ ಭಾನುವಾರ ಅವನು ಬೆಳಿಗ್ಗೆಯೇ ಬಂದು, ಅಕ್ಕನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ, ಒಬ್ಬನೇ ಕೇಸರಿಬಾತ್ ಮಾಡಿದ. ನನ್ನ ಹೆಂಡತಿ ಮೇಲಿನ ಮನೆಯವರ ಕೈಕಾಲು ಹಿಡಿದು ಮೂವರನ್ನೂ ಕರೆತಂದಳು. ನಮ್ಮಲ್ಲಿ ಹೆಣ್ಣು ನೋಡುವಾಗ ಹುಡುಗಿ ತಟ್ಟೆ ಹಿಡಿದು ಬರುತ್ತಾಳೆ. ಅಂದು ತಟ್ಟೆ ಹಿಡಿದು ಇವನು ಬಂದ.

"ಸಿದ್ಧಾಂತ ನಿಜ ಆಯ್ತು ಅಂತ ಖುಷಿಪಟ್ಟೆ. ಯಾರ ಪಾಲಿಗೆ ನಿಜ ಆಯ್ತು ಅಂತ ನೋಡಲಿಲ್ಲ. ತಪ್ಪಾಯ್ತು" ಎಂದ. ಅಷ್ಟು ಚಿಕ್ಕ ಭಾಷಣ ಅವನ ಬಾಯಲ್ಲಿ ನಾನು ಕೇಳಿರಲಿಲ್ಲ.

ಅವಳು ಒಂದು ಚಮಚ ಬಾಯಿಗಿಟ್ಟಳು. ಅವಳಪ್ಪನೂ ಇಟ್ಟರು, ಇಟ್ಟವರು ಕಿಟಕಿಯ ಕಡೆ ತಿರುಗಿದರು. ಇನ್ನಷ್ಟು ಸಿಹಿಯಾಗಲಿ ಎಂದು ಇವನು ಕೊನೆಯಲ್ಲಿ ಸುರಿದದ್ದು ಪಕ್ಕದ ಡಬ್ಬದ ಉಪ್ಪು.

"ಇದನ್ನು ಮಾಡಿದ್ದು ಯಾರು?" ಹುಡುಗಿ ಕೇಳಿದಳು.

"ನಾನೇ."

"ಪೂರಾ ನೀವೇ?"

"ಪೂರಾ ನಾನೇ."

"ನಿಮ್ಮ ಅಜ್ಜನ ಪ್ರಕಾರ ಮಾಲು ಯಾರದು?"

"ದುಡಿದವನದು."

"ಅಚ್ಛಾ" ಎಂದು ಅವಳು ತನ್ನ ತಟ್ಟೆಯನ್ನು ಅವನ ಮುಂದೆ ಸರಿಸಿದಳು. ಅವಳಪ್ಪ ಅಮ್ಮನೂ ಸರಿಸಿದರು. ಸಿಕ್ಕ ಅವಕಾಶ ಬಿಡಬಾರದೆಂದು ನಾನೂ ಸರಿಸಿದೆ. ಅವನು ತಿನ್ನತೊಡಗಿದ. ಕಣ್ಣಲ್ಲಿ ನೀರು. ಎರಡನೇ ತಟ್ಟೆಗೆ ಕೈ ಹಾಕಿದಾಗ ಹುಡುಗಿ ಜೋರಾಗಿ ನಕ್ಕುಬಿಟ್ಟಳು. "ಬಸ್, ಬಸ್! ಆಂಟಿ, ಸಿದ್ಧಾಂತ ಈಗಲೂ ಸಲ್ಲುತ್ತೆ. ಚಲೋ, ಮದುವೆಗೆ ದಿನ ನೋಡಿ. ಆದ್ರೆ ಉಪ್ಪು, ಸಕ್ಕರೆ ಎರಡೂ ಡಬ್ಬ ನನ್ನ ಒಡೆತನದಲ್ಲಿರಬೇಕು."

ಅವನು ನೀರು ಗುಟುಕರಿಸಿ, "ನೋಡಿ, ಖಾಸಗಿ ಒಡೆತನ ಅಂದ್ರೆ..." ಎಂದು ಶುರು ಮಾಡಿದ. ನನ್ನ ಹೆಂಡತಿ ಒಳಗಿಂದ ಕೇಸರಿಬಾತಿನ ಪಾತ್ರೆಯನ್ನೇ ತಂದು ಅವನ ಮುಂದೆ ಇಟ್ಟಳು.

"ಆಗಲಿ, ಡಬ್ಬ ಅವರದೇ ಇರಲಿ" ಎಂದ.