ಏಳನೆಯದು ಹಾಗೇ ಕುಳಿತಿತ್ತು

ನಮ್ಮ ಭಾವನಷ್ಟು ನಿಧಾನದ ಮನುಷ್ಯ ಇಡೀ ಕೊಪ್ಪಳ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುವ ಸ್ಫೋಟವನ್ನು ಆತ ಮಧ್ಯಾಹ್ನವಿಡೀ ನೋಡುತ್ತಾನೆ! ನನ್ನ ಹೆಂಡತಿಯ ಅಣ್ಣನಾದ ಈತನ ಕೆಲಸವೇ ಅದು. ಕಲ್ಲು ಕ್ವಾರಿಗಳಲ್ಲಿ ಬಂಡೆ ಸಿಡಿಸುವಾಗ, ಸೆಕೆಂಡಿಗೆ ಸಾವಿರಾರು ಚಿತ್ರ ಹಿಡಿಯುವ ಕ್ಯಾಮೆರಾ ಇಟ್ಟು, ಯಾವ ಚೂರು ಎಲ್ಲಿಗೆ ಹಾರುತ್ತದೆ, ಎಷ್ಟು ದೂರ ನಿಂತವನು ಬದುಕುತ್ತಾನೆ ಎಂದು ಸಂಶೋಧಿಸುವ ತಂಡದಲ್ಲಿದ್ದಾನೆ.

ಈ ರೋಗ ಗಿಣಿಗೇರಾದ ಅವನ ಮನೆಗೂ ಬಂದಿದೆ. ಒಗ್ಗರಣೆಯಲ್ಲಿ ಸಿಡಿಯದ ಸಾಸಿವೆ ಕಂಡರೆ ಊಟ ನಿಲ್ಲಿಸುತ್ತಾನೆ. ದೀಪಾವಳಿಯಲ್ಲಿ ಪಟಾಕಿ ಸರ ಮುಗಿದು ಅರ್ಧ ತಾಸಾದರೂ ಯಾರನ್ನೂ ಅಂಗಳಕ್ಕೆ ಬಿಡುವುದಿಲ್ಲ. ಯಾರಾದರೂ "ಎಲ್ಲಾ ಆತು" ಅಂದರೆ ಸಾಕು, "ಎಣಿಸಿದೇನು?" ಎನ್ನುತ್ತಾನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುವ ನನಗೇ ಆತ ವಿಚಿತ್ರವಾಗಿ ಕಂಡನೆಂದರೆ ಯೋಚಿಸಿ!

ಕಳೆದ ತಿಂಗಳು ಕುಷ್ಟಗಿ ಕಡೆಯ ಕ್ವಾರಿಗೆ ಅವನ ಜೊತೆ ಹೋದೆ. ಒಬ್ಬನೇ ಹೋದರೆ ಅವನಿಗೆ ಏನಾದೀತೋ ಎಂಬ ಚಿಂತೆ. ಹೋದ ಮೇಲೆ ನನಗೇನಾದೀತೋ ಎಂಬ ಚಿಂತೆ. ಹೆಲ್ಮೆಟ್ಟಿನ ಮೇಲೊಂದು ಟವೆಲ್ ಸುತ್ತಿಕೊಂಡು ಜೀಪಿನ ಹಿಂದೆ ಕುಳಿತೆ. ಬಂಡೆಯಲ್ಲಿ ಹನ್ನೆರಡು ಕುಳಿ ಕೊರೆದು ಮದ್ದು ತುಂಬಿದ್ದರು. ಸೀಟಿ ಊದಿದರು, ನೆಲ ನಡುಗಿತು, ಧೂಳು ಇಳಿಯಿತು. ಮೇಸ್ತ್ರಿ ಕೆಲಸದವರನ್ನು ಒಳಗೆ ಕರೆದ.

ಭಾವ ಕ್ಯಾಮೆರಾದ ತೆರೆಯಿಂದ ಕಣ್ಣು ಕೀಳದೆ ಕೈ ಅಡ್ಡ ಹಿಡಿದ. "ಯಾರೂ ಹೋಗಬ್ಯಾಡ್ರಿ."

"ಹನ್ನೆರಡೂ ಹಾರ್‍ಯಾವ್ರಿ ಸಾಹೇಬ್ರ," ಎಂದ ಮೇಸ್ತ್ರಿ. "ಇಪ್ಪತ್ತು ವರ್ಷ ಪಳಗಿದ ಕಿವಿ ಐತಿ ಇದು."

"ಕಿವಿಗೆ ಎಲ್ಲಾ ಕೂಡಿ ಒಂದ ಸಪ್ಪಳ. ಇಲ್ಲಿ ನೋಡ್ರಿ, ಏಳನೇದು ಹಂಗ ಕುಂತೈತಿ."

ತೆರೆಯ ಮೇಲೆ ಬಂಡೆ ಜೋಳದ ಅರಳಿನಂತೆ ಒಂದೊಂದೇ ಕಡೆ ಅರಳುತ್ತಿತ್ತು. ಏಳನೆಯ ಕುಳಿಯ ಜಾಗದಲ್ಲಿ ಏನೂ ಇಲ್ಲ. ಮೇಸ್ತ್ರಿ ಸೀಟಿಯನ್ನು ಮತ್ತೆ ಬಾಯಿಗಿಟ್ಟ. ಆಗಲೇ ಹೆಗಲಿಗೆ ಹಾರೆ ಏರಿಸಿದ್ದವನೊಬ್ಬ ಅದನ್ನು ಮೆಲ್ಲಗೆ ಕೆಳಗಿಟ್ಟು, ಅಲ್ಲೇ ನೆಲಕ್ಕೆ ಕುಳಿತುಬಿಟ್ಟ.

ಮರಳಿ ಬರುವಾಗ, ಅಷ್ಟು ಪಳಗಿದ ಕಿವಿಯೂ ಹೀಗೆ ತಪ್ಪುತ್ತದೆಯೇ ಎಂದು ನಗುತ್ತ ಕೇಳಿದೆ.

"ನಮ್ಮಪ್ಪಂದೂ ಛಲೋ ಕಿವೀನ ಇತ್ತು," ಎಂದ.

ನನ್ನ ನಗು ನಿಂತಿತು. ಮಾವ ಕ್ವಾರಿಯಲ್ಲಿ ತೀರಿಕೊಂಡರೆಂದಷ್ಟೇ ನನಗೆ ಗೊತ್ತಿತ್ತು. "ಎಲ್ಲಾ ಆತು" ಎಂದು ಹೇಳಿ ಎಲ್ಲರಿಗಿಂತ ಮೊದಲು ಒಳಗೆ ಹೋಗಿದ್ದರೆಂದು ತಿಳಿದದ್ದು ಆವತ್ತು.

ಅಷ್ಟರಲ್ಲಿ ಅತ್ತೆಯ ಫೋನು. ಭಾವ ಸ್ಪೀಕರ್ ಹಾಕಿದ. ಎಲ್ಲಿದ್ದೀರಿ, ಉಂಡಿರೇ ಎಂದು ಕೇಳಲಿಲ್ಲ.

"ಎಣಿಸಿದೇನಪ್ಪಾ?"

"ಎಣಿಸೇನವ್ವಾ. ಎಲ್ಲಾರೂ ಅದಾರ." ಭಾವ ನನ್ನತ್ತ ಒಮ್ಮೆ ತಿರುಗಿ ನೋಡಿದ. "ನಿನ್ನ ಅಳಿಯಾನೂ ಅದಾನ."